ಕೂಸಿಗೂ ದೊಡ್ಡ ಮಗುವಿಗೂ ಒಟ್ಟಿಗೆ ಎದೆಹಾಲು: ಫೀಡಿಂಗ್ ದಿಂಬು ಕೆಲಸಕ್ಕೆ ಬರುತ್ತಾ?

ಸೊಂಟಕ್ಕೆ ಸುತ್ತಿಕೊಳ್ಳುವ ‘ಸಿ’ ಆಕಾರದ ಫೀಡಿಂಗ್ ದಿಂಬನ್ನು ಹೊಲಿದಿರುವುದು ಒಂದೇ ಕೂಸಿಗೆ. ಮೊದಲನೆಯದು 2 ವರ್ಷದ್ದು, ಇನ್ನೂ ಹಾಲು ಬಿಟ್ಟಿಲ್ಲ, ಅಷ್ಟರಲ್ಲಿ ಎರಡನೆಯದು ಬಂತು ಎನ್ನುವ ಮನೆಯಲ್ಲಿ ಇದರ ಲೆಕ್ಕವೇ ಬೇರೆ. ಕೂಸಿನ ಪಕ್ಕಕ್ಕೆ ಒಳ್ಳೆಯ ದಿಂಬು. ದೊಡ್ಡ ಮಗುವಿನ ಪಕ್ಕಕ್ಕೆ ಬರೀ ಅಡ್ಡಿ.

ಇಬ್ಬರಿಗೂ ಒಟ್ಟಿಗೆ ಕುಡಿಸುವಾಗ ಕೂಸನ್ನು ಕಂಕುಳಡಿ ಹಿಡಿಯುವುದೇ ಸಲೀಸು: ಕಾಲು ತಾಯಿಯ ಬೆನ್ನಿನ ಕಡೆ, ಕತ್ತು ಅಂಗೈಯಲ್ಲಿ, ಮೈ ದಿಂಬಿನ ಮೇಲೆ. ಸಿಸೇರಿಯನ್ ಆದವರಿಗೂ ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ದೊಡ್ಡದು ಇನ್ನೊಂದು ಪಕ್ಕ ಮಂಡಿಯೂರಿಯೋ ಒರಗಿಯೋ ಕುಡಿಯುತ್ತದೆ, ಅದಕ್ಕೆ ದಿಂಬೇ ಬೇಡ. ಆದರೆ ದಿಂಬಿನ ಎರಡನೇ ತೋಳು ಅಲ್ಲೇ ಚಾಚಿಕೊಂಡಿರುತ್ತದಲ್ಲ! ಹತ್ತು ಹನ್ನೆರಡು ಕಿಲೋ ತೂಗುವ ಮಗು ಅದರ ಮೇಲೆ ಮೊಣಕೈ ಊರಿದ್ದೇ ತಡ, ಇತ್ತ ತುದಿ ಮೇಲೆದ್ದು ಕೂಸು ಹೊಟ್ಟೆಗೂ ದಿಂಬಿಗೂ ನಡುವಿನ ಸಂದಿಗೆ ಜಾರುತ್ತದೆ, ತೊಟ್ಟು ಜಗ್ಗಿ ಜೀವ ಹೋದಂತಾಗುತ್ತದೆ. ಹಾಗಾಗಿ ದಿಂಬನ್ನು ಕಾಲು ಸುತ್ತು ತಿರುಗಿಸಿ. ಒಂದು ತೋಳು ಬೆನ್ನ ಹಿಂದೆ, ಒಂದು ಮಡಿಲ ಮುಂದೆ, ತೆರೆದ ಭಾಗ ದೊಡ್ಡ ಮಗುವಿನ ಕಡೆ. ಡಬ್ಬದ ಮೇಲಿನ ಚಿತ್ರದಲ್ಲಿ ಇದನ್ನು ಯಾಕೋ ತೋರಿಸುವುದೇ ಇಲ್ಲ.

ಕೊಳ್ಳುವಾಗ ನೋಡಬೇಕಾದ್ದು ಒಳಗೇನು ತುಂಬಿದ್ದಾರೆ ಎಂಬುದನ್ನು. ಫೈಬರ್ ತುಂಬಿದ್ದು ಮುಟ್ಟಲು ಹಿತ, ಆದರೆ ಒಗೆದಂತೆಲ್ಲ ಗಂಟುಗಟ್ಟಿ ನಡುವೆ ತಗ್ಗು ಬೀಳುತ್ತದೆ. ದಿಂಬು ಕುಸಿದರೆ ತಾಯಿ ಬಾಗುತ್ತಾಳೆ, ಬೆನ್ನು ಹಿಡಿಯುತ್ತದೆ. ಕೆಳಗೆ ಜೋತ ಕೂಸು ತೊಟ್ಟಿನ ಸುತ್ತಲ ಕಪ್ಪು ಭಾಗದವರೆಗೆ ಬಾಯಿ ತುಂಬಿಸಿಕೊಳ್ಳದೆ ತೊಟ್ಟನ್ನಷ್ಟೇ ಚೀಪುತ್ತದೆ, ತೊಟ್ಟು ಬಿರುಕು ಬಿಡುತ್ತದೆ. ಅಂಗಡಿಯಲ್ಲೇ ಅಂಗೈಯಿಂದ ಒತ್ತಿ ಬಿಡಿ. ಗುಂಡಿ ಹಾಗೇ ಉಳಿದರೆ ಬೇಡ. ಕವರು ಹತ್ತಿಯದಿರಲಿ, ಜಿಪ್ಪು ಹೊರ ಅಂಚಿನಲ್ಲಿರಲಿ. ಕವರು ಎರಡು ಬೇಕು, ಹಾಲು ಕಕ್ಕಿದ್ದು ಒಣಗಿದರೆ ಹುಳಿ ವಾಸನೆ.

ಅವಳಿಗಳಿಗೆಂದೇ ಬರುವ ಅಗಲದ ದಿಂಬಿಗೆ ಮಾತ್ರ ದುಡ್ಡು ಸುರಿಯಬೇಡಿ. ಎರಡು ವರ್ಷದ ಮಗು ಅದರ ಮೇಲೆ ಮಲಗುವುದಿಲ್ಲ, ಹತ್ತಿ ಕುಣಿಯುತ್ತದೆ. ಕೈ ಬಿಗಿಯಿದ್ದರೆ ಯಾವ ದಿಂಬೂ ಬೇಡ. ಬಿಗಿಯಾಗಿ ಮಡಚಿದ ಕೌದಿಯ ಮೇಲೆ ಮನೆಯ ತಲೆದಿಂಬು ಇಟ್ಟು, ಕೂಸಿನ ಬಾಯಿ ತೊಟ್ಟಿನ ಮಟ್ಟಕ್ಕೆ ಬಂದರೆ ಸಾಕು.

ದಿಂಬು ಎಷ್ಟೇ ಚೆನ್ನಾಗಿದ್ದರೂ ಸರದಿ ತಪ್ಪಿದರೆ ಉಪಯೋಗವಿಲ್ಲ. ಮೊದಲ ಮೂರು ನಾಲ್ಕು ದಿನ ಗಿಣ್ಣುಹಾಲು ಬರುವುದು ಚಮಚದ ಲೆಕ್ಕದಲ್ಲಿ. ಅದು ಕೂಸಿಗೇ ಮೊದಲು, ಉಳಿದರೆ ದೊಡ್ಡದಕ್ಕೆ. ಅದನ್ನು ಕುಡಿದ ದೊಡ್ಡ ಮಗುವಿಗೆ ಹೊಟ್ಟೆ ಸ್ವಲ್ಪ ಸಡಿಲವಾದರೆ ಗಾಬರಿ ಬೇಡ, ಗಿಣ್ಣುಹಾಲಿನ ಗುಣವೇ ಹಾಗೆ. ಹಾಲು ಇಳಿದ ಮೇಲೆ ಒಟ್ಟಿಗೆ ಕುಡಿಸಬಹುದು, ಆದರೆ ಕೂಸು ಸರಿಯಾಗಿ ಬಾಯಿ ಹಾಕಿದ ನಂತರವೇ ದೊಡ್ಡದನ್ನು ಕರೆಯಿರಿ. ಒಂದು ಕಡೆ ಜಗ್ಗಿದರೆ ಎರಡೂ ಕಡೆ ಹಾಲು ಚಿಮ್ಮುತ್ತದೆ. ದೊಡ್ಡದರ ರಭಸಕ್ಕೆ ಕೂಸು ಕೆಮ್ಮಿ ಉಸಿರುಗಟ್ಟಿಸಿಕೊಳ್ಳಬಹುದು. ಆಗ ತಕ್ಷಣ ಬಿಡಿಸಿ, ಮೊದಲ ರಭಸ ಬಟ್ಟೆಗೆ ಹೋಗಲಿ, ಹಿಂದಕ್ಕೆ ಒರಗಿ ಮತ್ತೆ ಹಚ್ಚಿ. ‘ಇದು ನಿನ್ನದು, ಅದು ಪಾಪುವಿನದು’ ಎಂದು ಪಕ್ಕ ಹಂಚಿಬಿಡುವುದೂ ಬೇಡ: ಜಾಸ್ತಿ ಖಾಲಿಯಾದ ಕಡೆ ಜಾಸ್ತಿ ಹಾಲು, ಇನ್ನೊಂದು ಕಡೆ ಇಳಿಮುಖ. ಐದಾರನೇ ದಿನದ ಹೊತ್ತಿಗೆ ಕೂಸು 24 ಗಂಟೆಯಲ್ಲಿ ಕನಿಷ್ಠ 6 ಸಲ ಉಚ್ಚೆ ಮಾಡಬೇಕು, 2 ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಇಲ್ಲದಿದ್ದರೆ ದೊಡ್ಡದರ ಸರದಿ ಕಡಿತ ಮಾಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಹಾಲು ಕುಡಿದು ನಿದ್ದೆ ಹೋದ ಕೂಸನ್ನು ಈ ದಿಂಬಿನ ಮೇಲೇ ಬಿಟ್ಟು ಏಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕತ್ತು ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಕಿದರೆ, ಮೂಗು ಬಟ್ಟೆಗೆ ಒತ್ತಿದರೆ ಉಸಿರು ಕಟ್ಟುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2024ರಲ್ಲಿ ಈ ದಿಂಬುಗಳಿಗೆಂದೇ ನಿಯಮ ತಂದು, ಗಟ್ಟಿ ಇರಲೇಬೇಕು, ಕೂಸನ್ನು ಕಟ್ಟುವ ಪಟ್ಟಿ ಇರಬಾರದು ಎಂದಿತು. ಇಲ್ಲಿ ಕೊಳ್ಳುವಾಗಲೂ ಅಂಥ ಪಟ್ಟಿ ಕಂಡರೆ ಅಂಗಡಿಯವನಿಗೇ ವಾಪಸ್ ಕೊಡಿ. ತಾಯಿಯ ಸೊಂಟಕ್ಕೆ ಬಿಗಿಯುವ ಬೆಲ್ಟಾದರೆ ಅಡ್ಡಿಯಿಲ್ಲ.