ವಿದೇಶ ಪ್ರವಾಸಕ್ಕೆ ಇ-ಸಿಮ್: ಮೂರು ವರ್ಷ ಬಳಸಿದ ಮೇಲೆ

ಥಾಯ್ಲೆಂಡ್, ಸಿಂಗಾಪುರ, ಜಪಾನ್, ದುಬೈ, ಷೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು), ಅಮೆರಿಕ. ಇಷ್ಟು ಕಡೆ ಟ್ರಾವೆಲ್ ಇ-ಸಿಮ್ (ಪ್ಲಾಸ್ಟಿಕ್ ತುಣುಕಿಲ್ಲದೆ ಇಂಟರ್ನೆಟ್‌ನಿಂದ ಫೋನಿಗೇ ಇಳಿಸಿಕೊಳ್ಳುವ ಸಿಮ್) ಬಳಸಿದ ಮೇಲೆ ಬರೆದ ವಿಮರ್ಶೆ ಇದು. ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ: ಡೇಟಾಕ್ಕೆ ಇ-ಸಿಮ್, ಒಟಿಪಿಗೆ ಊರಿನ ಸಿಮ್. ಎರಡನ್ನೂ ಒಂದೇ ಫೋನಿನಲ್ಲಿ ಚಾಲೂ ಇಟ್ಟುಕೊಳ್ಳುವುದು ಗೊತ್ತಿದ್ದರೆ ವಿಮಾನ ನಿಲ್ದಾಣದಲ್ಲಿ ಸಿಮ್ ಕೌಂಟರ್ ಹುಡುಕುವ ಕೆಲಸವೇ ಇರುವುದಿಲ್ಲ. ‘ಇ-ಸಿಮ್ ಕೆಲಸ ಮಾಡಲಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಎರಡು ಮೂರು ಸೆಟ್ಟಿಂಗ್ ತಪ್ಪಿದ್ದರಿಂದ ಬಂದವು.

ಮೊದಲು ಫೋನ್ ನೋಡಿಕೊಳ್ಳಿ. *#06# ಒತ್ತಿದಾಗ ಐಎಂಇಐ ಜೊತೆಗೆ ಇಐಡಿ ಎಂಬ 32 ಅಂಕಿಗಳ ಸಂಖ್ಯೆ ಬಂದರೆ ಫೋನಿನಲ್ಲಿ ಇ-ಸಿಮ್ ಇದೆ. ಐಫೋನ್‌ಗಳಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚಿನವುಗಳಲ್ಲಿ ಇದೆ. ಆದರೆ ಚೀನಾದಲ್ಲಿ ಮಾರಾಟವಾಗುವ, ಎರಡು ಪ್ಲಾಸ್ಟಿಕ್ ಸಿಮ್ ಹಾಕುವ ಐಫೋನ್‌ಗಳಲ್ಲಿ ಇಲ್ಲ. ಇದರ ತದ್ವಿರುದ್ಧ ತೊಂದರೆ ಅಮೆರಿಕದ ಫೋನ್‌ಗಳದು. ಅಲ್ಲಿ ಮಾರುವ ಐಫೋನ್ 14 ಮತ್ತು ನಂತರದವಕ್ಕೆ ಸಿಮ್ ಟ್ರೇಯೇ ಇಲ್ಲ. ಅಲ್ಲಿರುವ ಮಗಳೋ ತಮ್ಮನೋ ತಂದುಕೊಟ್ಟ ಫೋನ್ ಬಳಸುವವರು ಊರಿನ ನಂಬರನ್ನೂ ಇ-ಸಿಮ್ ಮಾಡಿಸಿಕೊಳ್ಳಲೇಬೇಕು. ಐಫೋನ್ 13ರಿಂದ ಈಚೆಗೆ ಎರಡು ಇ-ಸಿಮ್ ಒಟ್ಟಿಗೆ ನಡೆಯುವುದರಿಂದ ಇದಕ್ಕೆ ಅಡ್ಡಿಯಿಲ್ಲ. ಹಾಗೆ ಬಂದ ಫೋನ್ ಅಲ್ಲಿನ ಕಂಪನಿಗೆ ಲಾಕ್ ಆಗಿಲ್ಲವೇ ಎಂದೂ ನೋಡಿ. ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಕ್ಯಾರಿಯರ್ ಲಾಕ್ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿರಬೇಕು. ಎರಡು ಸಿಮ್ ಜಾಗವಿರುವ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇ-ಸಿಮ್ ಆನ್ ಮಾಡಿದರೆ ಎರಡು ಪ್ಲಾಸ್ಟಿಕ್ ಸಿಮ್‌ಗಳಲ್ಲಿ ಒಂದು ಆಫ್ ಆಗುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರ್ ಯಾವ ಸಿಮ್‌ನಲ್ಲಿದೆ ಎಂಬುದನ್ನು ಮನೆಯಲ್ಲೇ ಖಚಿತ ಮಾಡಿಕೊಳ್ಳಿ.

ಸಿಮ್ ಟ್ರೇ ಇರುವ ಫೋನ್ ಬಳಸುವವರು ಊರಿನ ಪ್ಲಾಸ್ಟಿಕ್ ಸಿಮ್ಮನ್ನು ಹಾಗೇ ಇಟ್ಟುಕೊಳ್ಳುವುದು ಮೇಲು. ಪ್ರವಾಸಕ್ಕೆಂದು ಅದನ್ನು ಇ-ಸಿಮ್ ಮಾಡಿಸುವುದಾದರೆ ಹೊರಡುವ ಹಿಂದಿನ ದಿನ ಮಾತ್ರ ಬೇಡ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ನಿಯಮ ಭಾರತದಲ್ಲಿದೆ. ಸಿಮ್ ಕದ್ದು ಬ್ಯಾಂಕ್ ಖಾತೆ ಬರಿದು ಮಾಡುವವರನ್ನು ತಡೆಯಲು ತಂದದ್ದು. ಆ ಒಂದು ದಿನ ಒಟಿಪಿ ಬರುವುದಿಲ್ಲ. ಪ್ಲಾಸ್ಟಿಕ್ ಸಿಮ್‌ಗೆ ಇನ್ನೊಂದು ಅನುಕೂಲವಿದೆ. ಹೊರದೇಶದಲ್ಲಿ ಫೋನ್ ಒಡೆದುಹೋದರೆ ಸಿಮ್ ತೆಗೆದು ಜೊತೆಯಲ್ಲಿದ್ದವರ ಫೋನಿಗೆ ಹಾಕಿಕೊಂಡು ಒಟಿಪಿ ಪಡೆಯಬಹುದು.

ಇನ್ನು ಕೊಳ್ಳುವ ವಿಷಯ. ಅನುಮತಿ ಪತ್ರವಿಲ್ಲದೆ ವಿದೇಶಿ ಸಿಮ್ ಮಾರುತ್ತಿದ್ದಾರೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ಸೂಚನೆಯಂತೆ ಏರಾಲೋ ಮತ್ತು ಹೋಲಾಫ್ಲೈ ಆ್ಯಪ್‌ಗಳನ್ನು ಭಾರತದ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲಾಯಿತು. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ಆ್ಯಪ್ ಹುಡುಕುವವರಿಗೆ ಇದು ತಿಳಿದಿರಲಿ. ಹಣ ಕಟ್ಟುವ ಮುನ್ನ ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಪ್ಯಾಕ್ ಕೊಂಡಾಗ ಕ್ಯುಆರ್ ಕೋಡ್ ಬರುತ್ತದೆ. ಅದನ್ನು ಇನ್ನೊಂದು ಪರದೆಯಲ್ಲಿ ತೆರೆದು ಸ್ಕ್ಯಾನ್ ಮಾಡಬೇಕು. ಇನ್ನೊಂದು ಪರದೆ ಇಲ್ಲದಿದ್ದರೆ ಅದೇ ಮೇಲ್‌ನಲ್ಲಿರುವ ಎಸ್‌ಎಂ-ಡಿಪಿ ಪ್ಲಸ್ ವಿಳಾಸ (ಇ-ಸಿಮ್ ಇಳಿಸಿಕೊಡುವ ಸರ್ವರ್‌ನದು) ಮತ್ತು ಆಕ್ಟಿವೇಶನ್ ಕೋಡ್ ಕೈಯಲ್ಲಿ ಟೈಪ್ ಮಾಡಬಹುದು. ಐಓಎಸ್ 17.4ರಿಂದ ಈಚೆಗೆ ಕ್ಯುಆರ್ ಚಿತ್ರವನ್ನು ಬೆರಳಿನಿಂದ ಒತ್ತಿ ಹಿಡಿದರೂ ಸಾಕು. ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ ಬೇಕೇ ಬೇಕು, ಆದ್ದರಿಂದ ಮನೆಯ ವೈಫೈನಲ್ಲೇ ಮುಗಿಸಿ. ‘ಅಲ್ಲಿ ಇಳಿದ ಮೇಲೆ ಏರ್‌ಪೋರ್ಟ್ ವೈಫೈನಲ್ಲಿ ಮಾಡಿಕೊಂಡರಾಯಿತು’ ಎನ್ನುವವರು ಇಮಿಗ್ರೇಷನ್ ಸಾಲಿನಲ್ಲಿ ನಿಂತು ವೈಫೈಗೆ ಬೇಕಾದ ಒಟಿಪಿಗಾಗಿ ಕಾಯುವ ಸಾಧ್ಯತೆ ಇದೆ. ಆದರೆ ಇನ್‌ಸ್ಟಾಲ್‌ಗೆ ಮೊದಲು ಒಂದು ಸಾಲು ಓದಿ: ವ್ಯಾಲಿಡಿಟಿ ಎಂದಿನಿಂದ? ಬಹುಪಾಲು ಪ್ಯಾಕ್‌ಗಳಲ್ಲಿ ಆ ದೇಶದ ನೆಟ್‌ವರ್ಕ್ ಹಿಡಿದ ಕ್ಷಣದಿಂದ. ಕೆಲವದರಲ್ಲಿ ಇನ್‌ಸ್ಟಾಲ್ ಮಾಡಿದ ಕ್ಷಣದಿಂದ. ಎರಡನೆಯ ಬಗೆಯದಾದರೆ ಹೊರಡುವ ರಾತ್ರಿಯ ತನಕ ಕಾಯಬೇಕು.

ಇನ್‌ಸ್ಟಾಲ್ ಆದದ್ದನ್ನು ಡಿಲೀಟ್ ಮಾತ್ರ ಮಾಡಬೇಡಿ. ಸಾಮಾನ್ಯವಾಗಿ ಒಂದು ಕ್ಯುಆರ್ ಒಂದೇ ಸಲ ನಡೆಯುತ್ತದೆ. ನೆಟ್ ಬರುತ್ತಿಲ್ಲವೆಂದು ಅಳಿಸಿ ಮತ್ತೆ ಹಾಕಲು ಹೋದರೆ ಪ್ಯಾಕ್ ಅಲ್ಲಿಗೆ ಮುಗಿಯಿತು.

ಇಳಿದ ಮೇಲೆ ಮಾಡಬೇಕಾದ್ದು ಇಷ್ಟು. ಮೊಬೈಲ್ ಡೇಟಾಕ್ಕೆ ಇ-ಸಿಮ್ ಆರಿಸಿ, ಅದರ ಡೇಟಾ ರೋಮಿಂಗ್ ಆನ್ ಮಾಡಿ. ‘ರೋಮಿಂಗ್ ಆನ್ ಮಾಡಿದರೆ ಬಿಲ್ ಬರುತ್ತೆ’ ಎಂಬ ಹೆದರಿಕೆಯಿಂದ ಅನೇಕರು ಎಡವುವುದು ಇಲ್ಲಿಯೇ. ಬಹುಪಾಲು ಟ್ರಾವೆಲ್ ಇ-ಸಿಮ್‌ಗಳು ಯಾವುದೋ ಮೂರನೇ ದೇಶದ ಕಂಪನಿಯ ಸಿಮ್‌ಗಳು. ನೀವಿರುವ ದೇಶದಲ್ಲಿ ಅವೂ ಅತಿಥಿಗಳೇ. ರೋಮಿಂಗ್ ಆನ್ ಆಗದೆ ಅವು ನಡೆಯುವುದಿಲ್ಲ, ಮುಂಗಡ ಕಟ್ಟಿದ ಪ್ಯಾಕ್ ಆದ್ದರಿಂದ ಬಿಲ್ಲೂ ಬರುವುದಿಲ್ಲ. ಬಿಲ್ ಬರುವುದು ಊರಿನ ಸಿಮ್‌ನಿಂದ. ಅದರ ಡೇಟಾ ರೋಮಿಂಗ್ ಆಫ್ ಇರಲಿ. ಐಫೋನಿನಲ್ಲಿ ‘ಅಲೌ ಮೊಬೈಲ್ ಡೇಟಾ ಸ್ವಿಚಿಂಗ್’ ಎಂಬುದನ್ನೂ ಆಫ್ ಮಾಡಿ. ಪಿಕ್ಸೆಲ್, ಸ್ಯಾಮ್‌ಸಂಗ್‌ಗಳಲ್ಲಿಯೂ ಡೇಟಾ ತಾನಾಗಿ ಬದಲಾಗುವ ಇಂಥದೇ ಸ್ವಿಚ್ ಇದೆ. ಅದು ಆನ್ ಇದ್ದರೆ ಇ-ಸಿಮ್ ಸಿಗ್ನಲ್ ತಗ್ಗಿದಾಗ ಫೋನ್ ಸದ್ದಿಲ್ಲದೆ ಊರಿನ ಸಿಮ್‌ನತ್ತ ವಾಲುತ್ತದೆ. ಕರೆಗೆ ಮತ್ತು ಎಸ್‌ಎಂಎಸ್‌ಗೆ ಊರಿನ ಸಿಮ್ಮೇ ಇರಲಿ.

ಸಿಗ್ನಲ್ ಕಡ್ಡಿ ತುಂಬಿದ್ದೂ ಪುಟ ತೆರೆಯದಿದ್ದರೆ ಎಪಿಎನ್ (ಫೋನನ್ನು ಕಂಪನಿಯ ಇಂಟರ್ನೆಟ್‌ಗೆ ಜೋಡಿಸುವ ಸೆಟ್ಟಿಂಗ್) ನೋಡಿ. ಆಂಡ್ರಾಯ್ಡ್‌ನಲ್ಲಿ ಅದು ಕೆಲವೊಮ್ಮೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಮಾರಿದವರ ಮೇಲ್‌ನಲ್ಲಿ ಕೊಟ್ಟ ಎಪಿಎನ್ ಹೆಸರನ್ನು ಅಕ್ಷರ ತಪ್ಪದೆ ಹಾಕಿ, ಉಳಿದ ಖಾನೆಗಳನ್ನು ಇದ್ದಂತೆಯೇ ಬಿಡಿ. ಸಿಗ್ನಲ್ಲೇ ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಒಂದು ನಿಮಿಷ ಹಾಕಿ ತೆಗೆಯಿರಿ. ಆಗಲೂ ಬಾರದಿದ್ದರೆ ನೆಟ್‌ವರ್ಕ್ ಆಯ್ಕೆಯಲ್ಲಿ ಆಟೋಮ್ಯಾಟಿಕ್ ತೆಗೆದು, ಪ್ಯಾಕ್‌ನಲ್ಲಿ ಬರೆದಿರುವ ನೆಟ್‌ವರ್ಕ್ ಹೆಸರನ್ನೇ ಕೈಯಾರೆ ಆರಿಸಿ. ಜಪಾನಿನ ಪ್ಯಾಕ್ ಸಾಫ್ಟ್‌ಬ್ಯಾಂಕ್‌ಗೆ ಮಾತ್ರ ಒಪ್ಪಂದ ಮಾಡಿಕೊಂಡಿದ್ದು ಫೋನ್ ಡೊಕೊಮೊ ಬಾಗಿಲು ತಟ್ಟುತ್ತಿದ್ದರೆ ಎಷ್ಟು ಕಾದರೂ ಒಳಗೆ ಬಿಡುವುದಿಲ್ಲ.

ಒಟಿಪಿಯ ವಿಷಯ ಡೇಟಾಕ್ಕಿಂತ ಮುಖ್ಯ. ಊರಿನ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಇರಬೇಕು (ಡೇಟಾ ರೋಮಿಂಗ್ ಬೇರೆ, ಇದು ಬೇರೆ). ಪ್ರೀಪೇಡ್ ಆದರೆ ಹಿಂತಿರುಗುವ ದಿನದಾಚೆಗೂ ವ್ಯಾಲಿಡಿಟಿ ಇರಬೇಕು. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್ ಸಾಮಾನ್ಯವಾಗಿ ಉಚಿತ, ನಿಮ್ಮ ಪ್ಲ್ಯಾನ್‌ನಲ್ಲೂ ಹಾಗೇ ಇದೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳಿ. ಪ್ಯಾಕ್ ಇಲ್ಲದೆ ಕರೆ ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ, ಕೊರಿಯರ್‌ನವರ ಕರೆಗೂ ಅಷ್ಟೇ. ಮನೆಯವರಿಗೆ ವಾಟ್ಸ್ಆ್ಯಪ್ ಕರೆ ಮಾಡಲು ಹೇಳಿ. ವಾಟ್ಸ್ಆ್ಯಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ, ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳನ್ನು ಪ್ರವಾಸದ ನಡುವೆ ಅಳಿಸಿ ಹಾಕಬೇಡಿ. ಹೊಸದಾಗಿ ನೋಂದಾಯಿಸುವಾಗ ಅವು ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಕಳಿಸುತ್ತವೆ, ರೋಮಿಂಗ್‌ನಲ್ಲಿ ಹೊರಹೋಗುವ ಎಸ್‌ಎಂಎಸ್‌ಗೆ ಶುಲ್ಕವಿದೆ, ಕೆಲವೊಮ್ಮೆ ಅದು ತಲುಪುವುದೂ ಇಲ್ಲ. ಗ್ರ್ಯಾಬ್, ಊಬರ್‌ನಂಥ ಟ್ಯಾಕ್ಸಿ ಆ್ಯಪ್‌ಗಳ ನೋಂದಣಿಯೂ ಊರಲ್ಲೇ ಮುಗಿದಿರಲಿ.

ಕೊಳ್ಳುವವರು ಕೇಳದ, ಮಾರುವವರು ಹೇಳದ ಒಂದು ಸಂಗತಿ ಎಂದರೆ ಡೇಟಾ ಯಾವ ದೇಶದ ಮೂಲಕ ಹೋಗುತ್ತದೆ ಎಂಬುದು. ಪ್ಯಾರಿಸ್‌ನಲ್ಲಿ ಕೂತು ಪುಟ ತೆರೆದಾಗ ಆ ಕೋರಿಕೆ ಅಲ್ಲಿನ ಟವರ್‌ನಿಂದ ಇ-ಸಿಮ್‌ನ ತವರು ಕಂಪನಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುವುದುಂಟು. ಆ ತವರು ಸಿಂಗಾಪುರವಾದರೆ ನೇರ ದೂರವೇ ಸುಮಾರು 10,700 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿಬರಲು 107 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೇರವಾಗಿ ಹಾಸಿಲ್ಲದ್ದರಿಂದ ನಿಜವಾಗಿ ಹಿಡಿಯುವ ಹೊತ್ತು ಇನ್ನೂ ಹೆಚ್ಚು. 5ಜಿ ಗುರುತು ಇದ್ದರೂ ಮ್ಯಾಪ್ ತಡವರಿಸುವುದು, ವಿಡಿಯೊ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುವುದು ಇದರಿಂದಲೇ. ಬ್ಯಾಂಕಾಕ್‌ನಲ್ಲಿ ಅದೇ ಸಿಂಗಾಪುರದ ಸಿಮ್ ಚೆನ್ನಾಗಿ ಓಡುತ್ತದೆ, ದೂರ ಕಡಿಮೆ. ಇಳಿದ ಕೂಡಲೇ ನಿಮ್ಮ ಐಪಿ ವಿಳಾಸ ತೋರಿಸುವ ಯಾವುದಾದರೂ ಪುಟ ತೆರೆದರೆ ದೇಶ ಯಾವುದೆಂದು ಗೊತ್ತಾಗುತ್ತದೆ.

ಈ ತಿರುವಿನಿಂದ ಲಾಭವೂ ಇದೆ. ಚೀನಾದಲ್ಲಿ ಸ್ಥಳೀಯ ಸಿಮ್‌ನಲ್ಲಿ ಗೂಗಲ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಹಾಂಗ್‌ಕಾಂಗ್ ಮೂಲಕ ಹೋಗುವ ರೋಮಿಂಗ್ ಇ-ಸಿಮ್‌ನಲ್ಲಿ ಎರಡೂ ನಡೆಯುತ್ತವೆ. ಆದರೆ ಅದೇ ಹಾಂಗ್‌ಕಾಂಗ್ ಐಪಿ ಇದ್ದರೆ ಚಾಟ್‌ಜಿಪಿಟಿ ತೆರೆಯುವುದಿಲ್ಲ, ಅಲ್ಲಿ ಆ ಸೇವೆ ಇಲ್ಲ. ದುಬೈನ ಸ್ಥಳೀಯ ನೆಟ್‌ವರ್ಕ್‌ಗಳಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಹೊರದೇಶದ ಮೂಲಕ ಹೋಗುವ ಇ-ಸಿಮ್‌ನಲ್ಲಿ ಕರೆ ಸೇರುವುದುಂಟು. ಅದನ್ನೇ ನಂಬಿಕೊಂಡು ಮಾತ್ರ ಹೋಗಬೇಡಿ.

ಎಷ್ಟು ಜಿಬಿ ಬೇಕು? ಮ್ಯಾಪ್, ಟ್ಯಾಕ್ಸಿ, ಅನುವಾದ, ವಾಟ್ಸ್ಆ್ಯಪ್ ಸಂದೇಶ, ದಿನಕ್ಕೊಂದು ಚಿಕ್ಕ ವಿಡಿಯೊ ಕರೆ ಇಷ್ಟಕ್ಕೆ ದಿನಕ್ಕೆ ಅರ್ಧ ಜಿಬಿ ಸಾಕು. ರೀಲ್ಸ್ ನೋಡುವವರಿಗೆ ಯಾವ ಲೆಕ್ಕವೂ ನಿಲ್ಲದು. ನೆಟ್‌ಫ್ಲಿಕ್ಸ್ ಕೊಡುವ ಅಂದಾಜಿನಂತೆ ಸಾಮಾನ್ಯ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿ, ಎಚ್‌ಡಿಗೆ 3 ಜಿಬಿ ತನಕ. ಆದರೆ ಡೇಟಾವನ್ನು ಹೆಚ್ಚಾಗಿ ತಿನ್ನುವುದು ನೀವು ನೋಡದ ಕೆಲಸಗಳು: ತೆಗೆದ ಫೋಟೊ, ವಿಡಿಯೊಗಳ ಕ್ಲೌಡ್ ಬ್ಯಾಕಪ್, ಆ್ಯಪ್ ಅಪ್‌ಡೇಟ್, ಕುಟುಂಬದ ಗ್ರೂಪಿನಲ್ಲಿ ಬರುವ ವಿಡಿಯೊ ತಾನಾಗಿ ಇಳಿಯುವುದು. ಮೂರನ್ನೂ ವೈಫೈಗೆ ಮಾತ್ರ ಎಂದು ಕಟ್ಟಿಹಾಕಿದರೆ ಒಂದು ವಾರಕ್ಕೆ 3ರಿಂದ 5 ಜಿಬಿ ಧಾರಾಳ.

‘ಅನ್‌ಲಿಮಿಟೆಡ್’ ಪ್ಯಾಕ್ ನಾನು ಶಿಫಾರಸು ಮಾಡುವುದಿಲ್ಲ. ಸಣ್ಣ ಅಕ್ಷರ ಓದಿದರೆ ದಿನಕ್ಕೆ ಇಂತಿಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಸುತ್ತೇವೆ ಎಂದಿರುತ್ತದೆ. 512 ಕೆಬಿಪಿಎಸ್‌ಗೆ ಇಳಿದರೆ ಸಂದೇಶ ಹೋಗುತ್ತದೆ, ಮ್ಯಾಪ್ ತೆವಳುತ್ತದೆ. ಹಾಟ್‌ಸ್ಪಾಟ್‌ಗೆ ಬೇರೆಯೇ ಮಿತಿ ಇರುವುದೂ ಈ ಪ್ಯಾಕ್‌ಗಳಲ್ಲೇ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಪ್ಯಾಕ್ ಸಾಕೆಂದು ಕೊಂಡವರು ಅಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಜಿಬಿ ಲೆಕ್ಕದ ಪ್ಯಾಕ್ ತೆಗೆದು, ಮುಗಿದರೆ ಅದೇ ಇ-ಸಿಮ್‌ಗೆ ಟಾಪ್‌ಅಪ್ ಮಾಡಿಕೊಳ್ಳುವುದು ಅಗ್ಗ. ಟಾಪ್‌ಅಪ್ ಸೌಲಭ್ಯ ಇದೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಪ್ರತಿ ಸಲ ಹೊಸ ಇ-ಸಿಮ್ ಹಾಕಬೇಕಾಗುತ್ತದೆ.

ದೇಶವಾರು ಕೆಲವು ಮಾತು. ‘ಯುರೋಪ್’ ಪ್ಯಾಕ್ ಎಂದರೆ ಸ್ವಿಟ್ಜರ್ಲೆಂಡ್ ಸೇರಿದೆ ಎಂದುಕೊಳ್ಳಬೇಡಿ. 2017ರ ಜೂನ್‌ನಿಂದ ಯುರೋಪಿಯನ್ ಒಕ್ಕೂಟದೊಳಗೆ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ, ಆದರೆ ಸ್ವಿಟ್ಜರ್ಲೆಂಡ್ ಷೆಂಗೆನ್ ವಲಯದಲ್ಲಿದ್ದರೂ ಒಕ್ಕೂಟದಲ್ಲಿಲ್ಲ. ವೀಸಾ ಒಂದೇ ಇರುವುದರಿಂದ ಸಿಮ್ಮೂ ಒಂದೇ ಎಂಬ ಭಾವನೆ ಸಹಜ. ಪ್ಯಾಕ್‌ನ ದೇಶಗಳ ಪಟ್ಟಿಯನ್ನು ನಿಮ್ಮ ಟೂರ್ ಪಟ್ಟಿಯ ಪಕ್ಕ ಇಟ್ಟು ನೋಡಿ. ಬ್ರಿಟನ್‌ಗೂ ಇದೇ ಎಚ್ಚರ. ಟರ್ಕಿಗೆ ಹೋಗುವವರು ಊರಲ್ಲೇ ಕೊಂಡು ಇನ್‌ಸ್ಟಾಲ್ ಮಾಡಿಕೊಳ್ಳಬೇಕು. 2025ರ ಜುಲೈನಲ್ಲಿ ಅಲ್ಲಿ ಹಲವು ವಿದೇಶಿ ಇ-ಸಿಮ್ ಮಾರಾಟ ತಾಣಗಳಿಗೆ ತಡೆ ಹಾಕಲಾಯಿತು. ಅಮೆರಿಕದ ನಗರಗಳಲ್ಲಿ ಯಾವ ನೆಟ್‌ವರ್ಕ್ ಆದರೂ ನಡೆಯುತ್ತದೆ, ಯೆಲ್ಲೋಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ದೊಡ್ಡ ಭಾಗಕ್ಕೆ ಸಿಗ್ನಲ್ಲೇ ಇಲ್ಲ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು ಹೊರಡಿ. ಥಾಯ್ಲೆಂಡ್‌ನಲ್ಲಿ ಎಐಎಸ್, ಟ್ರೂ ಕಂಪನಿಗಳು ಪ್ರವಾಸಿಗರಿಗೇ ಮಾರುವ ಪ್ಯಾಕ್‌ಗೆ ಪಾಸ್‌ಪೋರ್ಟ್ ವಿವರ ಬೇಕು. ಸ್ಥಳೀಯ ನಂಬರ್ ಸಿಗುತ್ತದೆ, ಡೇಟಾ ಊರು ಸುತ್ತದೆ ನೇರವಾಗಿ ಹೋಗುತ್ತದೆ. ಅಲ್ಲಿ ನನ್ನ ಆಯ್ಕೆ ಅದೇ.

ಎಲ್ಲರಿಗೂ ಇ-ಸಿಮ್ ಬೇಕಿಲ್ಲ. ಟೂರ್ ಬಸ್ಸಿನಲ್ಲಿ ಹೋಗುವ ಹಿರಿಯರಿಗೆ, ಊರಿನ ಕರೆ ತಪ್ಪಬಾರದವರಿಗೆ ಭಾರತದ ಕಂಪನಿಯ ರೋಮಿಂಗ್ ಪ್ಯಾಕ್ ಹಾಕಿಸಿ ಕಳಿಸುವುದೇ ವಾಸಿ. ಡೇಟಾ ದುಬಾರಿಯಾದರೂ ಅವರು ಒಂದು ಸೆಟ್ಟಿಂಗನ್ನೂ ಮುಟ್ಟಬೇಕಿಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಾಯಂದಿರಿಗೆ ಅಲ್ಲಿನ ಸ್ಥಳೀಯ ಸಿಮ್ಮೇ ಸರಿ, ಮಗಳ ಫ್ಯಾಮಿಲಿ ಪ್ಲ್ಯಾನ್‌ಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಊರಿನ ನಂಬರ್ ಮಾತ್ರ ರೀಚಾರ್ಜ್ ತಪ್ಪದೆ ಜೀವಂತವಾಗಿರಲಿ, ಪಿಂಚಣಿ ಖಾತೆಯ ಒಟಿಪಿ ಬರುವುದು ಅದಕ್ಕೇ.

ಹಿಂತಿರುಗಿ ಬಂದ ಮೇಲೆ ಮೊಬೈಲ್ ಡೇಟಾವನ್ನು ಊರಿನ ಸಿಮ್‌ಗೆ ಮರಳಿಸಿ, ಟ್ರಾವೆಲ್ ಇ-ಸಿಮ್ ಆಫ್ ಮಾಡಿ. ಟಾಪ್‌ಅಪ್ ಆಗುವಂಥದಾದರೆ ಮುಂದಿನ ಪ್ರವಾಸದ ತನಕ ಅದು ಫೋನಿನಲ್ಲೇ ಇರಲಿ. ಈಚಿನ ಐಫೋನ್‌ಗಳಲ್ಲಿ ಎಂಟು ಅಥವಾ ಇನ್ನೂ ಹೆಚ್ಚು ಇ-ಸಿಮ್ ಇಟ್ಟುಕೊಳ್ಳಲು ಜಾಗವಿದೆ. ಒಂದೊಂದಕ್ಕೂ ದೇಶದ ಹೆಸರು ಮತ್ತು ಕೊಂಡ ತಿಂಗಳನ್ನು ಲೇಬಲ್ ಆಗಿ ಬರೆದಿಡಿ, ಆರು ತಿಂಗಳ ಮೇಲೆ ‘ಟ್ರಾವೆಲ್’ ಎಂಬ ಹೆಸರಿನ ಮೂರು ಸಿಮ್‌ಗಳಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ.