ಲಾವಣಿ ಹೊಲಕ್ಕೆ ಬಾಂಡ್ ಬರೆಸುವ ಮೊದಲು ಇದನ್ನೊಮ್ಮೆ ಓದಿ

ಇನ್ನೊಬ್ಬರ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಕಬ್ಬು ಹಾಕುವ ವಿಚಾರ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಜಮಖಂಡಿ ತಾಲೂಕಿನವನು. ನಮ್ಮ ಸ್ವಂತದ್ದು ಎರಡೇ ಎಕರೆ. ಅದರಲ್ಲಿ ಮನೆ ನಡೆಯುವುದಿಲ್ಲ ಅಂತ 2023ರ ಯುಗಾದಿಗೆ ಪಕ್ಕದ ಊರಿನವರೊಬ್ಬರ ಮೂರು ಎಕರೆ ಹಿಡಿದೆ. ಐದು ವರ್ಷದ ಮಾತು. ಎಕರೆಗೆ ವರ್ಷಕ್ಕೆ 35,000 ರೂಪಾಯಿ.

ಅವರ ಮನೆಯಲ್ಲಿ ಮಗಳ ಮದುವೆ ಇತ್ತು. ಮೂರು ವರ್ಷದ ಲಾವಣಿ ಒಟ್ಟಿಗೇ ಕೊಡು ಅಂದರು. 3,15,000 ಆಯಿತು. ಒಂದು ಲಕ್ಷ ಫೋನ್‌ಪೇ ಮಾಡಿದೆ, ಉಳಿದದ್ದು ನಗದು. ಸುಮ್ನೆ ಬಾಯಿಮಾತಿನ ಮೇಲೆ ಕೊಡಲಿಲ್ಲ. ಜಮಖಂಡಿಗೆ ಹೋಗಿ 100 ರೂಪಾಯಿ ಬಾಂಡ್ ತೆಗೆಸಿ, ಬರೆಯುವವರ ಹತ್ತಿರ ಬರೆಸಿ, ಇಬ್ಬರು ಸಾಕ್ಷಿ ಸಹಿ ಹಾಕಿಸಿ, ನೋಟರಿ ಸೀಲ್ ಹೊಡೆಸಿದೆವು. "ಬುದ್ಧಿ ಸ್ವಾಧೀನದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ, ರಾಜಿಖುಷಿಯಿಂದ ಬರೆದುಕೊಟ್ಟ ಲಾವಣಿ ಕರಾರು ಪತ್ರ." ಎರಡು ಪುಟ. ಓದಿದರೆ ಸುಪ್ರೀಂ ಕೋರ್ಟಿನಲ್ಲೂ ನಿಲ್ಲುತ್ತದೆ ಅನ್ನಿಸುವಂತಿತ್ತು.

ಆ ಮೇಲೆ 1,20,000 ಹಾಕಿ ಡ್ರಿಪ್ ಮಾಡಿಸಿದೆ. ಜುಲೈನಲ್ಲಿ ನಾಟಿ. 2024ರ ಡಿಸೆಂಬರ್‌ನಲ್ಲಿ ಕಟಾವು. ಎಕರೆಗೆ 50 ಟನ್ ಬಂತು. ಕಬ್ಬು ಮಾಡಿದವರಿಗೆ ಗೊತ್ತಿದೆ, ಮೊದಲ ಬೆಳೆಯಲ್ಲಿ ಕೈಗೆ ಹತ್ತುವುದು ಕಡಿಮೆ. ಹೊಲ ಹದ ಮಾಡುವುದು, ಬೀಜದ ಕಬ್ಬು, ನಾಟಿ ಆಳು, ಎಲ್ಲ ಖರ್ಚೂ ಅದರ ಮೇಲೆಯೇ. ಲಾಭ ಇರುವುದು ಕೂಳೆಯಲ್ಲಿ, ಅಂದರೆ ಕಟಾವಾದ ಬುಡದಿಂದ ಮತ್ತೆ ಚಿಗುರುವ ಬೆಳೆಯಲ್ಲಿ. ಬೀಜ ಇಲ್ಲ, ನಾಟಿ ಇಲ್ಲ, ನೀರು ಗೊಬ್ಬರ ಕೊಟ್ಟರೆ ಆಯಿತು. ಐದು ವರ್ಷದ ಕರಾರು ಬೇಕು ಅಂತ ನಾನು ಹಟ ಹಿಡಿದದ್ದೇ ಅದಕ್ಕೆ.

ಮೊದಲ ಪೆಟ್ಟು ಬಿದ್ದದ್ದು ಕಬ್ಬಿನ ಬಿಲ್ಲಿನಲ್ಲಿ. ಫ್ಯಾಕ್ಟರಿಯಲ್ಲಿ ಕಬ್ಬು ನೋಂದಾಯಿಸಿದ್ದು ಉತಾರ (ಪಹಣಿ) ಯಾರ ಹೆಸರಿಗಿದೆಯೋ ಅವರ ಹೆಸರಿಗೆ. ಹಾಗಾಗಿ ಬಿಲ್ಲು ಮಾಲೀಕರ ಖಾತೆಗೆ ಹೋಯಿತು. ಕಟಾವು, ಸಾಗಣೆ ಕಳೆದು ಸುಮಾರು ನಾಲ್ಕೂವರೆ ಲಕ್ಷ. ಮೂರು ಲಕ್ಷ ತೆಗೆದುಕೊಟ್ಟರು. "ಉಳಿದದ್ದು ಆಮ್ಯಾಲ ಕೊಡ್ತೀನಿ ತಮ್ಮಾ, ಎಲ್ಲಿಗೆ ಹೋಗ್ತೈತಿ?" ಅಂದರು. ನಾನೂ ಸುಮ್ಮನಾದೆ. ಕೂಳೆ ಚೆನ್ನಾಗಿ ಚಿಗುರಿತ್ತು, ಜಗಳ ಯಾಕೆ ಅಂತ.

2025ರ ಯುಗಾದಿ ಮುಗಿದ ವಾರಕ್ಕೆ ಹೊಲಕ್ಕೆ ಹೋದರೆ ಅವರ ಅಳಿಯ ನೀರು ಬಿಡುತ್ತಿದ್ದ. "ಇನ್ನ ನಮ್ಮ ಹೊಲ ನಾವ ಮಾಡ್ಕೋತೀವಿ" ಅಂದ. ಒಂದು ವರ್ಷದ ಲಾವಣಿ ನನ್ನದು ಅವರ ಹತ್ತಿರವೇ ಇದೆ. ಬಿಲ್ಲಿನ ಒಂದೂವರೆ ಲಕ್ಷ ಇದೆ. ಡ್ರಿಪ್ ನನ್ನದು, ಚಿಗುರಿದ ಕೂಳೆ ನನ್ನದು. ಬಾಂಡ್ ತೋರಿಸಿದೆ. "ಕೋರ್ಟಿಗೆ ಹೋಗ್ರಿ" ಅಂದ. ಅಷ್ಟು ಧೈರ್ಯವಾಗಿ ಹೇಳಿದ್ದು ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ. ಅವನು ನನಗಿಂತ ಮೊದಲೇ ವಕೀಲರ ಹತ್ತಿರ ಹೋಗಿ ಬಂದಿದ್ದ.

ನಾನು ಹೋದ ವಕೀಲರು ವಯಸ್ಸಾದವರು. ಬಾಂಡನ್ನು ಎರಡು ಸಲ ಓದಿದರು. "ಯಾರ ಬರದಾರಪಾ ಇದನ್ನ? ಭಾಳ ಚೊಲೋ ಬರದಾರ. ಆದ್ರ ಇದು ಕರಾರ ಅಲ್ಲ" ಅಂದರು.

ಭಾರತೀಯ ಕರಾರು ಕಾಯ್ದೆ 1872ರದ್ದು. ಅದರ 10ನೇ ಸೆಕ್ಷನ್ ಪ್ರಕಾರ ಕರಾರು ಸಿಂಧು ಆಗಬೇಕಾದರೆ ಎರಡೂ ಕಡೆಯವರಿಗೆ 18 ತುಂಬಿರಬೇಕು, ಬುದ್ಧಿ ನೆಟ್ಟಗಿರಬೇಕು, ಒಪ್ಪಿಗೆ ಬಲವಂತದ್ದೋ ಮೋಸದ್ದೋ ಆಗಿರಬಾರದು, ಕೊಟ್ಟು ತೆಗೆದುಕೊಳ್ಳುವುದು ಇರಬೇಕು. ಇಷ್ಟೂ ನನ್ನ ಬಾಂಡಿನಲ್ಲಿ ಇತ್ತು. ಆ "ರಾಜಿಖುಷಿ" ಸಾಲನ್ನು ಎಲ್ಲ ಪತ್ರಗಳಲ್ಲೂ ಹಾಕುವುದು ಅದಕ್ಕೇ. ಇಲ್ಲದ್ದು ಒಂದೇ. ಕರಾರು ಮಾಡಿಕೊಂಡ ಕೆಲಸವೇ ಕಾನೂನಿಗೆ ಒಪ್ಪುವಂಥದ್ದಾಗಿರಬೇಕು. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ 1974ರ ಮಾರ್ಚ್ 1ರಿಂದ ಈಚೆಗೆ ಕೃಷಿ ಜಮೀನನ್ನು ಲಾವಣಿಗೆ ಕೊಡುವಂತೆಯೇ ಇಲ್ಲ. ಒಂದು ವರ್ಷಕ್ಕೂ ಇಲ್ಲ, ಐದು ವರ್ಷಕ್ಕೂ ಇಲ್ಲ.

ನಾನು ನಕ್ಕೇಬಿಟ್ಟೆ. ನಮ್ಮ ಭಾಗದಲ್ಲಿ ಲಾವಣಿ ಇಲ್ಲದ ಊರು ಯಾವುದಿದೆ?

"ನಡೀತೈತಿ. ನಡೀಲಿ. ಜಗಳ ಆಗೂ ತನಕ ಎಲ್ಲಾ ನಡೀತೈತಿ" ಅಂದರು.

ಇದರಲ್ಲಿ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದಿದೆ. ಆ 1974ರ ತಿದ್ದುಪಡಿ ಅಂದರೆ ದೇವರಾಜ ಅರಸರ ಕಾಲದ "ಉಳುವವನೇ ಹೊಲದೊಡೆಯ". ನಮ್ಮ ಅಜ್ಜ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯ ಮಂಡಳಿಗೆ ಅಲೆದು, ತಾನು ಲಾವಣಿ ಮಾಡುತ್ತಿದ್ದ ಎರಡು ಎಕರೆ ತನ್ನ ಹೆಸರಿಗೆ ಮಾಡಿಸಿಕೊಂಡದ್ದು ಅದೇ ಕಾನೂನಿನಿಂದ. ಅಜ್ಜನಿಗೆ ಹೊಲ ಕೊಟ್ಟ ಕಾನೂನೇ ಮೊಮ್ಮಗನ ಕಾಗದವನ್ನು ಕಸ ಮಾಡಿತು. ಮಾಲೀಕರು ಉತಾರದ 12ನೇ ಕಾಲಂನಲ್ಲಿ, ಅಂದರೆ ಸಾಗುವಳಿ ಮಾಡುವವರ ಹೆಸರು ಬರುವ ಕಡೆ, ನನ್ನ ಹೆಸರು ಸೇರಿಸಲು ಯಾಕೆ ಒಪ್ಪಲಿಲ್ಲ ಅಂತ ಆಮೇಲೆ ಅರ್ಥವಾಯಿತು. ಆ ಕಾಲದ ಹೆದರಿಕೆ ಹೊಲದವರ ಮನೆಗಳಲ್ಲಿ ಇನ್ನೂ ಹೋಗಿಲ್ಲ.

ತಡೆಯಾಜ್ಞೆ ತರೋಣ ಅಂದೆ. ಯಾವ ಹಕ್ಕಿನ ಮೇಲೆ ತರುತ್ತೀ ಅಂತ ಕೇಳಿದರು. ನೋಟರಿ ಇದೆಯಲ್ಲ ಅಂದೆ. ನೋಟರಿ ನೋಡುವುದು ಸಹಿ ಹಾಕಿದವನು ನೀನೇ ಹೌದೋ ಅಲ್ಲವೋ ಅಂತ. ಒಳಗಿನ ವ್ಯವಹಾರ ಸರಿ ಇದೆ ಅಂತ ಅವರು ಹೇಳುವುದಿಲ್ಲ. ನೋಂದಣಿಯೂ ಅದಲ್ಲ. ಒಂದು ವರ್ಷ ಮೀರಿದ ಯಾವುದೇ ಲಾವಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, 1908ರ ನೋಂದಣಿ ಕಾಯ್ದೆ. ನನ್ನದು ಅದೂ ಆಗಿರಲಿಲ್ಲ. ಅಂದರೆ ಒಂದೇ ಕಾಗದ ಎರಡು ಸಲ ಸತ್ತಿತ್ತು.

ವಕೀಲರು ಹೇಳಿದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಅವರೂ ರೈತರ ಮನೆಯವರು. ಕೆಟ್ಟ ಕರಾರುಗಳೆಲ್ಲ ಒಂದೇ ತರಹ ಕೆಟ್ಟಿರುವುದಿಲ್ಲವಂತೆ.

ಒಂದು, ಹುರಿದ ಬೀಜ. ಏನು ಮಾಡಿದರೂ ಮೊಳೆಯುವುದಿಲ್ಲ. ನನ್ನದು ಅಂಥದ್ದು. 18 ತುಂಬದ ಹುಡುಗನಿಂದ ಬರೆಸಿಕೊಂಡದ್ದೂ ಅಂಥದ್ದೇ. ಕಲ್ಕತ್ತೆಯಲ್ಲಿ ಒಬ್ಬ ಸಾಹುಕಾರ ಮೈನರ್ ಹುಡುಗನ ಮನೆ ಅಡವು ಬರೆಸಿಕೊಂಡು ಸಾಲ ಕೊಟ್ಟಿದ್ದನಂತೆ. ಆ ಅಡವು ಹುಟ್ಟಿದಾಗಿನಿಂದಲೇ ಶೂನ್ಯ ಅಂತ 1903ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಎಲ್ಲಕ್ಕಿಂತ ಮೇಲಿನ ಕೋರ್ಟ್, ಹೇಳಿತು. ಇವತ್ತಿಗೂ ಅದೇ ನಡೆಯುತ್ತಿದೆ. ಜೂಜಿನ ಬಾಜಿ, ಲಂಚ ಕೊಟ್ಟು ನೌಕರಿ ಕೊಡಿಸುವ ಮಾತು, ಇವೆಲ್ಲ ಇದೇ ಸಾಲಿನವು, ಬಾಂಡ್ ಎಷ್ಟೇ ದೊಡ್ಡದಿರಲಿ.

ಇನ್ನೊಂದು, ಮೊಳೆತಿದೆ, ಆದರೆ ಹುಳ ಹತ್ತಿದೆ. ಹೆದರಿಸಿ, ಮೋಸ ಮಾಡಿ, ಸುಳ್ಳು ಹೇಳಿ ಸಹಿ ಹಾಕಿಸಿಕೊಂಡದ್ದು. ಮೋಸ ಹೋದವನು ಬೇಕಾದರೆ ಕಿತ್ತುಹಾಕಬಹುದು, ಬೇಡವಾದರೆ ಬಿಡಬಹುದು. ಆಯ್ಕೆ ಅವನದು. ಮೋಸ ಮಾಡಿದವನದಲ್ಲ. ತಡ ಮಾಡಿ ಸುಮ್ಮನೆ ಕೂತರೆ ಒಪ್ಪಿದಂತೆ ಆಗಬಹುದು.

ಮೂರನೆಯದಕ್ಕೆ ಬೀಜ ಚೊಲೋ ಇದೆ, ನೀರಿಲ್ಲ. ವ್ಯವಹಾರ ಸರಿ, ಕೋರ್ಟಿಗೆ ಒಯ್ಯಲು ಮಾತ್ರ ಬರುವುದಿಲ್ಲ. ಸ್ಟಾಂಪ್ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟ್ ಹಿಡಿದಿಟ್ಟುಕೊಳ್ಳುತ್ತದೆ. ಕಡಿಮೆ ಬಿದ್ದ ಶುಲ್ಕವನ್ನೂ ಅದರ ಹತ್ತು ಪಟ್ಟಿನವರೆಗೆ ದಂಡವನ್ನೂ ಕಟ್ಟಿದರೆ ಸಾಕ್ಷಿಗೆ ಬರುತ್ತದೆ. ಕೈಗಡ ಕೊಟ್ಟು 3 ವರ್ಷ ದಾಟಿದರೆ ದಾವೆ ನಡೆಯುವುದಿಲ್ಲ. ಆದರೆ ಸಾಲಗಾರ "ಕೊಡುತ್ತೇನೆ" ಅಂತ ಹೊಸದಾಗಿ ಬರೆದು ಸಹಿ ಮಾಡಿದರೆ ಮತ್ತೆ ಜೀವ ಬರುತ್ತದೆ. ಇದು ನನಗೆ ಉಪಯೋಗಕ್ಕೆ ಬರಲಿಲ್ಲ, ನಮ್ಮ ಮಾವನಿಗೆ ಬಂತು.

ಹಾಗಾದರೆ ಕೊಟ್ಟ ದುಡ್ಡು? ಕರಾರು ಶೂನ್ಯ ಅಂತ ಆಮೇಲೆ ಗೊತ್ತಾದರೆ ಪಡೆದದ್ದನ್ನು ವಾಪಸ್ ಕೊಡಬೇಕು ಅಂತ ಅದೇ ಕರಾರು ಕಾಯ್ದೆಯಲ್ಲಿ 65ನೇ ಸೆಕ್ಷನ್ ಇದೆ. ಅಲ್ಲೂ ಒಂದು ಮುಳ್ಳು. ಕಾನೂನಿಗೆ ವಿರುದ್ಧ ಅಂತ ಮೊದಲೇ ಗೊತ್ತಿದ್ದು ಇಬ್ಬರೂ ಕೈಜೋಡಿಸಿದ್ದರೆ ಕೋರ್ಟ್ ಯಾರಿಗೂ ಕೈ ಕೊಡುವುದಿಲ್ಲ. ನನಗೆ ಗೊತ್ತಿರಲಿಲ್ಲ ಅಂತ ನಾನು ಸಾಬೀತು ಮಾಡಬೇಕು. ನಗದು ಕೊಟ್ಟ 2,15,000ಕ್ಕೆ ಸಾಕ್ಷಿಗಳು ಮಾತಾಡಬೇಕು. ಸಾಕ್ಷಿಗಳಲ್ಲಿ ಒಬ್ಬರು ಆಗಲೇ ಫೋನ್ ಎತ್ತುತ್ತಿರಲಿಲ್ಲ.

ಕೊನೆಗೆ ಹನುಮಂತ ದೇವರ ಗುಡಿ ಕಟ್ಟೆಯ ಮೇಲೆ ಹಿರಿಯರು ಕೂತರು. ಕಬ್ಬಿನ ಬಿಲ್ಲಿನ ಒಂದೂವರೆ ಲಕ್ಷ ಎರಡು ಕಂತಿನಲ್ಲಿ ಬಂತು. ಫೋನ್‌ಪೇ ದಾಖಲೆ ಇದ್ದದ್ದಕ್ಕೆ ಅವರು ಪೂರ್ತಿ ಇಲ್ಲ ಅನ್ನಲು ಆಗಲಿಲ್ಲ. ಒಂದು ವರ್ಷದ ಲಾವಣಿ 1,05,000 ಹೋಯಿತು. ಕೂಳೆ ಹೋಯಿತು. ಪೈಪ್ ಸುತ್ತಿಕೊಂಡು ಬಂದೆ, ಅರ್ಧ ಹರಿದಿವೆ.

ಲಾವಣಿ ಮಾಡಲೇಬೇಡಿ ಅಂದರೆ ಯಾರೂ ಕೇಳುವುದಿಲ್ಲ, ನನಗೆ ಗೊತ್ತು. ಒಂದು ದಾರಿ ಕಾನೂನಿನಲ್ಲೇ ಇದೆ. ಸೇವೆಯಲ್ಲಿರುವ ಸೈನಿಕರು ಕೊಡುವ ಹೊಲಕ್ಕೆ ಆ ನಿಷೇಧ ಇಲ್ಲ, ಆದರೆ ಲಾವಣಿ ಬರವಣಿಗೆಯಲ್ಲಿ ಇರಬೇಕು. ನಮ್ಮ ಕಡೆ ಮಿಲಿಟರಿಯಲ್ಲಿ ಇರುವವರು ಕಡಿಮೆಯೇ? ಅಂಥವರ ಹೊಲ ಸಿಕ್ಕರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಬೇರೆ ಕಡೆ ಕೈ ಹಾಕಿದರೆ, ಆ ಬಾಂಡ್ ನಿಮ್ಮನ್ನು ಕಾಯುತ್ತದೆ ಅಂತ ನಂಬಿ ಎರಡು ಮೂರು ವರ್ಷದ ದುಡ್ಡು ಮುಂಗಡ ಸುರಿಯಬೇಡಿ. ಅವರ ಮಣ್ಣಿನಲ್ಲಿ ನಿಮ್ಮ ಡ್ರಿಪ್, ಮೋಟರ್ ಹೂಳಬೇಡಿ. ಬಿಲ್ಲು ಯಾರ ಖಾತೆಗೆ ಬೀಳುತ್ತದೆ ಅಂತ ನಾಟಿಗೆ ಮೊದಲೇ ಕೇಳಿ. ಕೊಡುವ ಪ್ರತಿ ರೂಪಾಯಿ ಬ್ಯಾಂಕಿನ ಮೂಲಕ ಹೋಗಲಿ.

ಮೊನ್ನೆ ಸಾವಳಗಿ ಕಡೆಯ ಹುಡುಗ ಒಬ್ಬ ಮನೆಗೆ ಬಂದಿದ್ದ. "ಅಣ್ಣಾ, ನಿಮ್ಮ ಲಾವಣಿ ಬಾಂಡ್ ಭಾಳ ಚೊಲೋ ಬರದಾರಂತ, ಒಂದ ಜೆರಾಕ್ಸ್ ಕೊಡ್ರಿ" ಅಂದ. ಇವತ್ತು ನಾನು ಇಷ್ಟೆಲ್ಲ ಬರೆಯಲು ಕೂತದ್ದು ಅವನಿಂದಲೇ. ಜೆರಾಕ್ಸ್ ಕೊಡಲಿಲ್ಲ. ಪೈಪ್ ಬೇಕಾದರೆ ಅರ್ಧ ರೇಟಿಗೆ ಒಯ್ಯಿ ಅಂದೆ.