ಚೀಲ ಗಟ್ಟಿ, ಕೊಕ್ಕೆ ಸಡಿಲ: ಘಾಟಿಯಲ್ಲಿ ಮೂರು ಮಳೆಗಾಲ ಓಡಿದ ಪ್ಯಾನಿಯರ್ ಜೋಡಿ

ಪ್ಯಾನಿಯರ್ ಎಂದರೆ ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಎರಡೂ ಬದಿ ತೂಗುಹಾಕುವ ಚೀಲ. ಇವು ತಲಾ 20 ಲೀಟರ್, ಬಾಯಿ ಸುರುಳಿ ಸುತ್ತಿ ಮುಚ್ಚುವಂಥದ್ದು. ಜೊತೆಗೆ ಬಂದ ಅಲ್ಯೂಮಿನಿಯಂ ಕ್ಯಾರಿಯರಿನ ಮೇಲೆ 25 ಕಿಲೋ ಎಂದು ಅಚ್ಚು ಹಾಕಿದ್ದಾರೆ. ಓಡಿದ ದಾರಿಗಳು: ಉಡುಪಿ, ಹೆಬ್ರಿ, ಆಗುಂಬೆ; ಕಾರ್ಕಳ, ಬಜಗೋಳಿ, ಎಸ್.ಕೆ. ಬಾರ್ಡರ್, ಕುದುರೆಮುಖ, ಕಳಸ; ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ. ನಾಲ್ಕು ಸೈಕಲ್ಲಿಗೆ ಎರಡು ಡೇರೆ, ಎರಡು ರಾತ್ರಿ, ಹೆಚ್ಚಾಗಿ ಇದೇ ಲೆಕ್ಕ.

ಬಟ್ಟೆಯ ವಿಷಯ ಬೇಗ ಮುಗಿಯುತ್ತದೆ. ಪಿವಿಸಿ ಲೇಪದ ಪಾಲಿಯೆಸ್ಟರ್, ಲಾರಿಗೆ ಹೊದೆಸುವ ಟರ್ಪಾಲಿನ ತೆಳ್ಳಗಿನ ತಮ್ಮ. ಅಂಚುಗಳಿಗೆ ಹೊಲಿಗೆಯಿಲ್ಲ, ಬಿಸಿಯಲ್ಲಿ ಬೆಸೆದಿದ್ದಾರೆ. ಬಾಯಿಯನ್ನು ಮೂರು ಸುತ್ತು ಸುತ್ತಿದ್ದರೆ ಆಗುಂಬೆಯ ಮಳೆಗೂ ಒಳಗಿನ ಅಕ್ಕಿ ಒದ್ದೆಯಾಗುವುದಿಲ್ಲ. ತುರುಕಿ ತುಂಬಿ ಒಂದೇ ಸುತ್ತಿಗೆ ಬಕಲ್ ಹಾಕಿದರೆ ಚಕ್ರ ಎರಚುವ ನೀರು ಮಡಿಕೆಯ ತುದಿಯಿಂದ ಇಳಿಯುತ್ತದೆ. ಹಾಗಾಗಿ 20 ಲೀಟರನ್ನು 16 ಎಂದೇ ಎಣಿಸಿ. ತೂತಾದರೆ ಪಂಕ್ಚರಿನ ಸೊಲ್ಯೂಷನ್ ಪಿವಿಸಿಗೆ ಸರಿಯಾಗಿ ಕಚ್ಚುವುದಿಲ್ಲ, ತೇಪೆ ಸುಲಿದು ಬರುತ್ತದೆ. ಪಿವಿಸಿ ಬಟ್ಟೆಯ ಅಂಟೇ ಬೇಕು. ತೇಪೆಗೆ ಹಳೆ ಫ್ಲೆಕ್ಸ್ ಬ್ಯಾನರಿನ ತುಂಡು ಸಾಕು, ನಮ್ಮೂರಲ್ಲಿ ಅದಕ್ಕೇನು ಬರವೇ? ತುಂಡಿನ ಮೂಲೆಗಳನ್ನು ದುಂಡಗೆ ಕತ್ತರಿಸಿ; ಚೂಪು ಮೂಲೆಯೇ ಮೊದಲು ಏಳುವುದು.

ತಕರಾರು ಇರುವುದು ಕೊಕ್ಕೆಯಲ್ಲಿ. ಮೇಲಿನ ಎರಡು ಪ್ಲಾಸ್ಟಿಕ್ ಕೊಕ್ಕೆಗಳ ಬಾಯಿ ದಪ್ಪ ಪೈಪಿಗೆ ಅಳತೆ ಮಾಡಿದ್ದು. ಈ ಕ್ಯಾರಿಯರಿನ ಪೈಪು 10 ಮಿ.ಮೀ. ನಡುವಿನ ಸಂದನ್ನು ತುಂಬಲು ಉಗುರಿನಷ್ಟು ದೊಡ್ಡ ಒಳತುಂಡುಗಳಿವೆ. ಅವು ಎಲ್ಲೋ ಒಂದು ಹಂಪಿನಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಆಮೇಲೆ ಚೀಲ ಕುಣಿಯಲು ಶುರು. ಆ ಸಂದಿಗೆ ಮುರಕಲ್ಲಿನ ಕೆಂಪು ಕೆಸರು ಸೇರಿತೋ, ಅದು ಮರಳು ಕಾಗದದ ಹಾಗೆ ಉಜ್ಜುತ್ತದೆ. ನಮ್ಮ ಕ್ಯಾರಿಯರಿನಲ್ಲಿ ಕೊಕ್ಕೆ ಕೂರುವ ನಾಲ್ಕೂ ಕಡೆ ಕಪ್ಪು ಬಣ್ಣ ಹೋಗಿ ಲೋಹ ಹೊಳೆಯುತ್ತಿದೆ. ಒಂದು ಕಡೆ ಬೆರಳಿಟ್ಟರೆ ತಗ್ಗು ಸಿಗುತ್ತದೆ. ಉಪಾಯ ಸುಲಭ: ಹಳೆ ಟ್ಯೂಬನ್ನು ಎರಡು ಬೆರಳಗಲ ಕತ್ತರಿಸಿ, ಆ ಜಾಗಕ್ಕೆ ಬಿಗಿಯಾಗಿ ಸುತ್ತಿ, ಎರಡು ತುದಿಗೂ ಕೇಬಲ್ ಟೈ ಹಾಕಿ. ಸವಾರಿ ಮುಗಿದ ಮೇಲೆ ಬಿಚ್ಚಿ ತೊಳೆಯಿರಿ, ಇಲ್ಲದಿದ್ದರೆ ಅದರಡಿಯಲ್ಲೇ ಕೆಸರು ನಿಲ್ಲುತ್ತದೆ.

ಕೆಳಗಿನ ಮೂರನೇ ಕೊಕ್ಕೆಯನ್ನು ಹೆಚ್ಚಿನವರು ಅಂಗಡಿಯಲ್ಲಿ ಇದ್ದ ಹಾಗೇ ಬಿಡುತ್ತಾರೆ. ಅದರ ಸ್ಕ್ರೂ ಸಡಿಲಿಸಿ, ಸರಿಸಿ, ಕ್ಯಾರಿಯರಿನ ಕಾಲಿಗೆ ಒತ್ತಿ ನಿಲ್ಲುವಂತೆ ಕೂರಿಸಬೇಕು. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಚೀಲದ ಬುಡ ಸ್ಪೋಕಿನ ಕಡೆಗೆ ಓಲಾಡದಂತೆ ಹಿಡಿಯುವುದು ಇದೊಂದೇ. ಚೀಲವನ್ನು ಹಿಂದಕ್ಕೆ ಸರಿಸುವುದೂ ಈಗಲೇ ಆಗಲಿ. ಪೆಡಲನ್ನು ಹಿಮ್ಮುಖ ತಿರುಗಿಸಿ ನೋಡಿದಾಗ ಹಿಮ್ಮಡಿಗೂ ಚೀಲಕ್ಕೂ ನಡುವೆ ಎರಡು ಬೆರಳು ಜಾಗ ಇರಲಿ.

ಇನ್ನು ಕ್ಯಾರಿಯರನ್ನು ಫ್ರೇಮಿಗೆ ಬಿಗಿಯುವ ಬೋಲ್ಟು. ನಾಲ್ಕೂ ಎಂ5, ಅಂದರೆ 5 ಮಿ.ಮೀ. ದಪ್ಪ; ತಿರುಗಿಸಲು 4 ಮಿ.ಮೀ. ಅಲೆನ್ ಕೀ. ಜೊತೆಗೆ ಕೊಟ್ಟವು ಕರಾವಳಿಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದವು. ಸ್ಟೀಲ್ ಬದಲು ಸ್ಟೇನ್‌ಲೆಸ್ ಹಾಕಿ, ಆದರೆ ಒಣದಾಗಿ ಬೇಡ. ಅಲ್ಯೂಮಿನಿಯಂ ಫ್ರೇಮಿನೊಳಗೆ ಅದು ಕಚ್ಚಿಕೊಂಡರೆ ಬಿಚ್ಚುವಾಗ ತಲೆ ಮುರಿದು ಬರುತ್ತದೆ. ಬೋಲ್ಟಿನ ಸುರುಳಿಗೆ ಹಚ್ಚುವ ಅಂಟು, ನೀಲಿ ಥ್ರೆಡ್‌ಲಾಕರ್, ಎರಡು ಹನಿ ಹಾಕಿದರೆ ಸಡಿಲವಾಗುವುದೂ ನಿಲ್ಲುತ್ತದೆ, ನೀರೂ ಒಳಗೆ ಇಳಿಯುವುದಿಲ್ಲ. ಚೈನಿನ ಬದಿಯ ಬೋಲ್ಟಿನ ಉದ್ದ ನೋಡಿಕೊಳ್ಳಿ. ಒಳಗಡೆ ಎರಡು ಮಿ.ಮೀ. ಚಾಚಿದರೂ ಚೈನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿದಾಗ ಅದಕ್ಕೆ ತಾಗುತ್ತದೆ. ಗೇರ್ ಸರಿಯಿಲ್ಲ ಎಂದು ಕೇಬಲ್ ತಿರುಗಿಸಿ ತಿರುಗಿಸಿ ಸುಸ್ತಾಗುವವರು ಮೊದಲು ಅಲ್ಲಿ ಬಗ್ಗಿ ನೋಡಲಿ. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಕ್ಯಾರಿಯರಿಗೆ ದಾಟುವಂತೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದು ಚಹಾ ಕುಡಿಯುತ್ತ ಕೂತಲ್ಲಿಂದಲೇ ಕಾಣುತ್ತದೆ.

25 ಕಿಲೋ ಎಂಬ ಅಚ್ಚನ್ನು ನಂಬಬೇಡಿ. ಗುಂಡಿ ಬಿದ್ದ ಘಾಟಿ ರಸ್ತೆಗೆ 14 ಕಿಲೋ ನಮ್ಮ ಮಿತಿ, ಅದಕ್ಕೂ ಹಿಂದಿನ ಚಕ್ರದಲ್ಲಿ 32 ಸ್ಪೋಕಿಗಿಂತ ಕಡಿಮೆ ಇರಬಾರದು. ಮುರಿಯುವುದು ಹೆಚ್ಚಾಗಿ ಚೈನಿನ ಬದಿಯ ಸ್ಪೋಕೇ, ಬಿಗಿತ ಆ ಕಡೆಗೇ ಜಾಸ್ತಿ. ಒಲೆ, ಅಕ್ಕಿ, ಉಪಕರಣ ಬುಡದಲ್ಲಿ. ಎಡಬಲ ತೂಕದ ವ್ಯತ್ಯಾಸ ಅರ್ಧ ಕಿಲೋ ದಾಟದಿರಲಿ. ಡೇರೆಯನ್ನು ಇಬ್ಬರು ಹಂಚಿಕೊಳ್ಳಿ: ಒಬ್ಬರಿಗೆ ಕೋಲು, ಗೂಟ ಮತ್ತು ಒಳಡೇರೆ, ಇನ್ನೊಬ್ಬರಿಗೆ ಹೊರಹೊದಿಕೆ. ಒದ್ದೆ ಹೊದಿಕೆ ಚೀಲದೊಳಗೆ ಹೋಗಲೇಬಾರದು. ನೀರು ಒಳಗೆ ಬಿಡದ ಚೀಲ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ, ಸಂಜೆಗೆ ಮಲಗುಚೀಲವೇ ತಣ್ಣಗಿರುತ್ತದೆ. ಒದ್ದೆ ಹೊದಿಕೆಯನ್ನು ಕ್ಯಾರಿಯರಿನ ಮೇಲೆ ಹಗ್ಗ ಬಿಗಿದು ಕಟ್ಟಿ.

ಅಂದ ಹಾಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಕಂಡಕಂಡಲ್ಲಿ ಡೇರೆ ಹಾಕುವಂತಿಲ್ಲ. ಕಾಡು ದಾಟಿ, ತೋಟದ ಮನೆಯವರನ್ನು ಕೇಳಿ, ಅಡಿಕೆ ಒಣಗಿಸುವ ಅಂಗಳದ ಮೂಲೆ ಸಿಕ್ಕಿದರೆ ಅದಕ್ಕಿಂತ ಸಮತಟ್ಟು ಜಾಗ ಬೇರೆಯಿಲ್ಲ. ಗೂಟ ಅಲ್ಲಿ ಇಳಿಯುವುದಿಲ್ಲ. ಕಲ್ಲಿಗೆ ಕಟ್ಟಲು ಎರಡು ಮೀಟರ್ ಹಗ್ಗ ಜಾಸ್ತಿ ಇರಲಿ.

ಮನೆಯಲ್ಲಿ ಚೀಲವನ್ನು ಸುತ್ತಿಡಬೇಡಿ, ಜುಲೈ ತಿಂಗಳ ಮಂಗಳೂರಿನಲ್ಲಿ ಹತ್ತೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಸಿಹಿನೀರಲ್ಲಿ ತೊಳೆದು, ಬಾಯಿ ಬಿಡಿಸಿ, ತಲೆಕೆಳಗಾಗಿ ತೂಗುಹಾಕಿ.

ಬೆಲೆಗೆ ಮೋಸವಿಲ್ಲ, ಇನ್ನೊಂದು ಜೋಡಿಯನ್ನೂ ಕೊಳ್ಳುವೆವು. ಸಿಟ್ಟು ಒಂದೇ: ಒಳತುಂಡು ಬಿಡಿಯಾಗಿ ಕೇಳಿದರೆ ಮಾರಿದವರು ಇಡೀ ಚೀಲ ಕೊಳ್ಳಿ ಎನ್ನುತ್ತಾರೆ. ಅಂಗಡಿಯಲ್ಲಿ ಚೀಲವನ್ನು ನಿಮ್ಮದೇ ಕ್ಯಾರಿಯರಿಗೆ ಸಿಕ್ಕಿಸಿ, ಕೆಳಗಿನಿಂದ ಅಂಗೈಯಲ್ಲಿ ನಾಲ್ಕು ಸಲ ಗುದ್ದಿ ನೋಡಿ. ಟಕಟಕ ಎಂದರೆ ಹೆಚ್ಚುವರಿ ಒಳತುಂಡುಗಳನ್ನು ಬಿಲ್ ಮಾಡಿಸುವ ಮೊದಲೇ ಕೇಳಿ ಇಟ್ಟುಕೊಳ್ಳಿ.